ವೆಂಕಟೇಶಪ್ಪನ ಮೀಸೆಮೀನು

ಮೊಳಕಾಲ್ಮುರಿನಲ್ಲಿ ಮೀನು ಸಾಕುತ್ತೇನೆ ಅಂದರೆ ಯಾರಾದರೂ ನಗುತ್ತಾರೆ. ಕುಡಿಯುವ ನೀರಿಗೇ ಕ್ಯಾನ್ ಹಿಡಿದು ಸರದಿಯಲ್ಲಿ ನಿಲ್ಲುವ ಜನ ನಾವು. ಆದರೂ ನಮ್ಮ ಪಕ್ಕದ ಮನೆಯ ವೆಂಕಟೇಶಪ್ಪ ಮಗ್ಗದ ಕೋಣೆಯಲ್ಲಿ ಗಾಜಿನ ತೊಟ್ಟಿ ತಂದಿಟ್ಟ. ಅದರ ತಳದಲ್ಲಿ ಹೆಬ್ಬೆರಳುದ್ದದ ಮೀನುಗಳು ಮೀಸೆ ಆಡಿಸುತ್ತಾ ಮರಳು ಕೆದಕುತ್ತಿದ್ದವು. ಅಂಗಡಿಯವರು ಅವಕ್ಕೆ ಕೋರಿ ಅನ್ನುತ್ತಾರಂತೆ. ನಮ್ಮ ಓಣಿಗೆ ಅವು ಮೀಸೆಮೀನು.

ಓಣಿಯೆಲ್ಲ ನಕ್ಕರೂ ನಾನು ನಗಲಿಲ್ಲ. ಹೋದ ವರ್ಷ ಲಕ್ವ ಹೊಡೆದು ವೆಂಕಟೇಶಪ್ಪನ ಬಲಗೈ ಬಿದ್ದುಹೋಗಿತ್ತು. ರೇಷ್ಮೆ ಸೀರೆಗೆ ಬುಟ್ಟಾ ನೇಯುವುದರಲ್ಲಿ ಎತ್ತಿದ ಕೈ ಅದು. ಈಗ ಅದೇ ಮಗ್ಗದಲ್ಲಿ ಹೆಂಡತಿ ಚೌಡೇಶ್ವರಿ ಕೂರುತ್ತಿದ್ದಳು. ಇವನು ಗೋಡೆಗೊರಗಿ ಲಾಳಿಯ ಸದ್ದು ಕೇಳುತ್ತಿದ್ದ. "ಯಾಕಾದ್ರೂ ಉಳಿದ್ನೋ ಅಣ್ಣಾ," ಎಂದು ಒಂದು ದಿನ ನನ್ನೆದುರು ಅತ್ತ. ಆಮೇಲೆ ಮಾತೇ ಬಿಟ್ಟ. ಅವನ ಅಳುವಿಗಿಂತ ಆ ಮೌನ ನನ್ನನ್ನು ಹೆದರಿಸಿತು.

ಕೈ ತೋರಿಸಲು ಅವನನ್ನು ಚಳ್ಳಕೆರೆಗೆ ಕರೆದುಕೊಂಡು ಹೋಗುತ್ತಿದ್ದವನು ನಾನೇ. ಒಂದು ಸಲ ವಾಪಸು ಬರುವಾಗ ಸಾಕುಮೀನಿನ ಅಂಗಡಿಯ ಮುಂದೆ ನಿಂತವನು ಕದಲಲೇ ಇಲ್ಲ. ಅಂಗಡಿಯ ಗೋವರ್ಧನ ಬಾಯಿತುಂಬ ಮಾತಾಡುವ ಮನುಷ್ಯ.

"ಇವು ಮನೇಲೂ ಮರಿ ಮಾಡ್ತಾವಣ್ಣ. ಆದ್ರೆ ಮಳೆ ಬಂತು ಅಂತ ಅವಕ್ಕೆ ಅನ್ನಿಸ್ಬೇಕು, ಆಗಾಗ ತಣ್ಣೀರು ಹಾಕ್ಬೇಕು. ತಾಮ್ರ ಇರೋ ಔಷಧಿ ಮಾತ್ರ ಬ್ಯಾಡ್ರಿ. ಇವಕ್ಕೆ ತಾಮ್ರ ವಿಷ."

ಮೀನಿಗೆ ಔಷಧಿ ಹಾಕುವವರಾರು ಎಂದುಕೊಂಡು ಆ ಕೊನೆಯ ಮಾತನ್ನು ನಾವು ಅಂಗಡಿಯಲ್ಲೇ ಬಿಟ್ಟು, ಮೀನು ಕೊಂಡು ಬಂದೆವು.

ನಮ್ಮೂರಲ್ಲಿ ಮನುಷ್ಯರಿಗೇ ಇಲ್ಲದ ಮಳೆಯನ್ನು ಮೀನಿಗೆ ಎಲ್ಲಿಂದ ತರುವುದು? ವೆಂಕಟೇಶಪ್ಪ ಫಿಲ್ಟರ್ ನೀರನ್ನು ಮಣ್ಣಿನ ಮಡಕೆಯಲ್ಲಿ ತಣಿಸಿ, ಎಡಗೈಯಲ್ಲಿ ಚೆಂಬು ಹಿಡಿದು ತೊಟ್ಟಿಗೆ ಸುರಿದ. ಮೊಟ್ಟೆ ಬಂದವು, ಇಟ್ಟ ಮೀನುಗಳೇ ತಿಂದವು. ಮತ್ತೆ ಬಂದವು, ಬೂಷ್ಟು ಹಿಡಿಯಿತು. ಎರಡು ಸಲವೂ ಅವನು ಊಟ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ.

"ಮುಂದಿನ ಸಲಾನೂ ಮರಿ ಉಳೀಲಿಲ್ಲಾಂದ್ರೆ ಮುಗೀತಣ್ಣ," ಅಂದ. "ಈ ಕೈಯಿಂದ ಇನ್ನೇನೂ ಆಗಲ್ಲ. ನಾನಿದ್ದೇನು ಉಪಯೋಗ?"

ಮೀನಿನ ಮರಿಗಾಗಿ ಹರಕೆ ಹೊತ್ತ ಮೊದಲ ಮನುಷ್ಯ ನಾನೇ ಇರಬೇಕು.

ಈ ಬೇಸಿಗೆಯಲ್ಲಿ ಮತ್ತೆ ಮೊಟ್ಟೆ ಬಂದವು. ಗಾಜಿಗೆ ಅಂಟಿದ್ದವನ್ನು ಎಡಗೈ ಬೆರಳಿನಿಂದ ಒಂದೊಂದಾಗಿ ಬಿಡಿಸಿ ಬೇರೆ ಟಬ್ಬಿಗೆ ಹಾಕಿದ. ಕೆಲವೇ ದಿನಗಳಲ್ಲಿ ಮರಿ ಹೊರಬಂದವು. ಅಕ್ಕಿನುಚ್ಚಿನಷ್ಟಿದ್ದ ಮರಿಗಳಿಗೂ ಆಗಲೇ ಮೀಸೆ! ಚೌಡೇಶ್ವರಿ ಮಗ್ಗ ನಿಲ್ಲಿಸಿ ಬಂದು ನೋಡಿದಳು. ಅವನ ತಾಯಿ ಓಬಳಮ್ಮ ಮರಿಗಳಿಗೂ ಮಗನಿಗೂ ಸೇರಿಸಿ ದೃಷ್ಟಿ ತೆಗೆದಳು. ಲಕ್ವ ಹೊಡೆದ ಮೇಲೆ ವೆಂಕಟೇಶಪ್ಪ ನಕ್ಕಿದ್ದನ್ನು ನಾನು ಅವತ್ತೇ ಕಂಡದ್ದು.

ಮರಿಗಳಿಗೆ ಹಾಕುವ ಪುಡಿ ಮುಗಿಯುತ್ತಾ ಬಂದಿತ್ತು. ತರಲು ಇಬ್ಬರೂ ಚಳ್ಳಕೆರೆಗೆ ಹೊರಟೆವು. "ಮಧ್ಯಾಹ್ನ ಟಬ್ಬಿನ ನೀರು ಅರ್ಧ ತೆಗೆದು ತಣ್ಣೀರು ಹಾಕಮ್ಮ," ಎಂದು ತಾಯಿಗೆ ಹೇಳಿದ. ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅವನ ಬಾಯಿ ನಿಲ್ಲಲಿಲ್ಲ. ಇನ್ನೊಂದು ತೊಟ್ಟಿ ಎಲ್ಲಿಡುವುದು ಎಂದು ನನ್ನನ್ನೇ ಕೇಳಿದ.

ಮನೆಗೆ ಬಂದು ನೋಡಿದರೆ ಮರಿಗಳೆಲ್ಲ ಟಬ್ಬಿನ ತಳದಲ್ಲಿ ಬೆಳ್ಳಗೆ ಬಿದ್ದಿದ್ದವು. ವೆಂಕಟೇಶಪ್ಪ ಕುಕ್ಕರಿಸಿ ಕೂತು ಬೆರಳಿನಿಂದ ನೀರು ಅಲುಗಿಸಿದ. ಮತ್ತೆ ಮತ್ತೆ ಅಲುಗಿಸಿದ. ಒಂದೂ ಮಿಸುಕಲಿಲ್ಲ.

"ಮಲಗವೆ ಅಂದ್ಕೊಂಡೆ ನಾಯನಾ," ಎಂದಳು ಓಬಳಮ್ಮ. "ಮಡಕೆ ಬಿರುಕು ಬಿಟ್ಟು ನೀರೆಲ್ಲ ಸೋರಿತ್ತು. ಅದಕ್ಕೇ ತಾಮ್ರದ ಬಿಂದಿಗೇದು ಹಾಕ್ದೆ. ನಿನ್ನೆ ಹುಣಸೆಹಣ್ಣು ಹಚ್ಚಿ ತಿಕ್ಕಿ ತುಂಬಿಟ್ಟಿದ್ದೆ. ಕೈ ಬರ್ಲಿ ಅಂತ ನಿಂಗೆ ದಿನಾ ಬೆಳಿಗ್ಗೆ ಕೊಡ್ತೀನಲ್ಲ, ಅದೇ ನೀರು."

ಗೋವರ್ಧನನ ಮಾತು ಆಗ ನನಗೆ ನೆನಪಾಯಿತು. ಅವನಿಗೂ ಆಗಿತ್ತು, ಮುಖವೇ ಹೇಳುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ನನಗೇ ತಿಳಿಯದು. ಬಾಯಿ ತೆರೆದೆ. ವೆಂಕಟೇಶಪ್ಪ ಎಡಗೈಯಿಂದ ನನ್ನ ಕಾಲನ್ನು ಗಟ್ಟಿಯಾಗಿ ಹಿಡಿದ.

"ನನ್ನಿಂದ ಏನಾದ್ರೂ ತಪ್ಪಾಯ್ತಾ?" ಓಬಳಮ್ಮ ಟಬ್ಬಿನ ಮೇಲೆ ಬಗ್ಗಿ ಕೇಳಿದಳು.

"ಇಲ್ಲಮ್ಮ. ಬಿಸಿಲಿಗೆ ಹೋದ್ವು."

ಅವನ ಕಣ್ಣಲ್ಲಿ ಜೀವ ಇರಲಿಲ್ಲ. ಇವನನ್ನು ಒಂಟಿಯಾಗಿ ಬಿಡಬಾರದು ಎಂದು ನಾನು ಅಲ್ಲೇ ಕೂತೆ. ಓಬಳಮ್ಮ ಒಳಗೆ ಹೋಗಿ, ಬಿಂದಿಗೆಯಲ್ಲಿ ಉಳಿದ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಬಂದಳು.

"ಬಿಸಿಲಾಗೆ ಬಂದೀಯ, ಕುಡಿ. ಮತ್ತೆ ಮೊಟ್ಟೆ ಇಡ್ತಾವಲ್ಲ ನಾಯನಾ? ಆವಾಗ ನಾನೇ ನೋಡ್ಕೊಂತೀನಿ. ಇದೇ ನೀರು ಹಾಕ್ತೀನಿ, ಕಮ್ಮಿ ಆಗಕ್ಕೆ ಬಿಡಲ್ಲ."

ಅವನು ಲೋಟ ತೆಗೆದುಕೊಂಡು ತಾಯಿಯ ಮುಖ ನೋಡಿದ. ಇನ್ನು ಇಡೋದಿಲ್ಲ ಅಂದಿದ್ದರೆ, ನೀರು ಬೇಡ ಅಂದಿದ್ದರೆ, ತಪ್ಪು ತನ್ನದೇ ಎಂದು ಅವಳಿಗೆ ತಿಳಿದುಬಿಡುತ್ತಿತ್ತು.

"ಇಡ್ತಾವಮ್ಮ," ಅಂದ. "ಆದ್ರೆ ಈ ನೀರು ನಂಗೇ ಇರ್ಲಿ." ಲೋಟ ಎತ್ತಿ, ಅವಳು ನೋಡುತ್ತಿರುವಂತೆಯೇ ಪೂರ್ತಿ ಕುಡಿದ.