ಕಾಕುವಿನ ಹೊದಿಕೆ

ಚಪಳಗಾಂವದಲ್ಲಿ ನಮ್ಮ ಹೊಲದ ಬದುವಿಗೆ ಹತ್ತಿಕೊಂಡೇ, ನಾವು ಚಿಕ್ಕಮ್ಮನೆಂಬಂತೆ ಕರೆಯುತ್ತಿದ್ದ ಕಾಕುವಿನ ಹೊಲ. ತೊಗರಿ ರಾಶಿ ಮುಗಿದ ಮೇಲೆ ಊರ ಮಂದಿಯೆಲ್ಲ ಉಳಿದ ಗಿಡದ ಒಣ ಕಟ್ಟಿಗೆಗೆ ಬೆಂಕಿ ಇಟ್ಟರೆ, ಅವಳು ಅದನ್ನು ಕಡಿದು ನೆಲದ ತುಂಬ ಹಾಸುತ್ತಿದ್ದಳು. ಬಾಗಿದ ಬೆನ್ನು ಎತ್ತದೆಯೇ ನನಗೆ ಹೇಳುವಳು: "ಮಣ್ಣ ಬಿಸಲಾಗ ಬತ್ತಲಿ ಬಿಡಬಾರದೋ ತಮ್ಮಾ."

ಆಚೆ ಹೊಲದ ಅವಳ ಮೈದುನ ನಗುತ್ತಿದ್ದ. "ನಮ್ಮ ವೈನಿ ಕಸಾ ಬೆಳ್ಯಾಕತ್ತಾರ ನೋಡ್ರಿ!"

ಬರಬರುತ್ತ ಅವಳ ಮಣ್ಣು ಮೆತ್ತಗಾಯಿತು, ಗೊಬ್ಬರದ ಖರ್ಚು ಇಳಿಯಿತು. ಅಕ್ಕಲಕೋಟದ ಪೇಟೆಗೆ ಒಯ್ದ ತೊಗರಿಯ ದುಡ್ಡಿನಲ್ಲಿ ಮನೆಗೆ ಎಮ್ಮೆ ಬಂತು. ಆಗಲೂ ಅವನ ನಗು ನಿಲ್ಲಲಿಲ್ಲ.

ಒಂದು ಬೇಸಿಗೆ ಅವನು ಹಚ್ಚಿದ ಬೆಂಕಿ ಗಾಳಿಗೆ ಬದು ದಾಟಿ, ಅವಳು ಹಾಸಿದ್ದನ್ನೆಲ್ಲ ಸುಟ್ಟುಬಿಟ್ಟಿತು. ಈಗ ಜಗಳ ಆಗುತ್ತದೆ ಅಂದುಕೊಂಡೆ. ಕಾಕು ಬೂದಿಯ ಮೇಲೆ ಅಂಗೈ ಇಟ್ಟು, "ಅಯ್ಯ, ಎಷ್ಟ ಕಾದದ ನೋಡ" ಎಂದಳು, ಅಷ್ಟೇ. ಮರುದಿನ ನಮ್ಮ ಹೊಲದ ಕಟ್ಟಿಗೆ ಕೇಳಲು ಬಂದಳು.

ಹೋದ ಬೇಸಿಗೆಯಲ್ಲಿ ಕಾಕು ತೀರಿಕೊಂಡಳು. ಅದೇ ಹೊಲದಲ್ಲಿ ಮಣ್ಣು ಮಾಡಿದೆವು. ಮಂದಿಯೆಲ್ಲ ಮನೆಯ ಕಡೆ ಹೊರಟಾಗ ಮೈದುನ ಮಾತ್ರ ತನ್ನ ಹೊಲಕ್ಕೆ ಹೋದ. ಸುಡಲೆಂದು ಒಟ್ಟಿದ್ದ ಕಟ್ಟಿಗೆಯನ್ನು ಹೊತ್ತು ತಂದು, ಆ ಹಸಿ ಮಣ್ಣಿನ ದಿಬ್ಬದ ಮೇಲೆ ಹಾಸತೊಡಗಿದ.

"ಬಿಸಲ ಭಾಳ ಅದರಿ, ವೈನಿ" ಎಂದ.