ತಪ್ಪಿದ ಸೋಮವಾರ

ಹೆಪ್ಪು ಹಾಕಿಟ್ಟ ಹಾಲಿನ ಮುಚ್ಚಳವನ್ನು ಗಳಿಗೆಗೊಮ್ಮೆ ಎತ್ತಿ ನೋಡುವ ಕೆಟ್ಟ ಚಟ ನನಗೆ ತವರಿನಿಂದಲೇ ಬಂದದ್ದು. ನೋಡಿದರೆ ಸಾಲದು, ಪಾತ್ರೆಯನ್ನು ಒಂಚೂರು ಅಲುಗಿಸಲೂ ಬೇಕು. ಚಳಿಗಾಲದಲ್ಲಿ ಮೊದಲೇ ಮಂದಗತಿಯ ಮೊಸರು, ನನ್ನ ಈ ಉಪಚಾರದಿಂದ ನೀರೊಡೆದು ಕೂತುಬಿಡುತ್ತದೆ. "ಸೈರಣಿ ಅನ್ನೂದು ನಿಮ್ಮ ತೊರಗಲ್ಲ ಗುಡ್ಡದಾಗ ಬೆಳಿಯಂಗಿಲ್ಲೇನ?" ಎಂದು ಅತ್ತೆ ಪ್ರತಿಸಲವೂ ನನ್ನ ತವರನ್ನು ಎಳೆದು ತರುತ್ತಾರೆ.

ಇಂಥವಳಿಗೆ ಶಿವ ಕೊಟ್ಟ ಕಾಯಿಲೆ ನೋಡಿ, ಬರೀ ಕಾಯುವುದೇ ಅದರ ಕೆಲಸ. ಕುತ್ತಿಗೆಯ ಗಂಟು ಕ್ಯಾನ್ಸರ್ ಎಂದು ತಿಳಿದ ಮೇಲೆ ಬೆಳಗಾವಿಯ ಡಾಕ್ಟರು ಆರು ಸುತ್ತು ಔಷಧಿ ಎಂದರು. ನಮ್ಮ ಕಡೆಗೆ ಈ ಔಷಧಿ ಬಂದು ಬಹಳ ದಿನವಾಗಿಲ್ಲವಂತೆ; ಬಂದಿತಲ್ಲ, ಅದೇ ದೊಡ್ಡದು. ಒಂದು ಸೋಮವಾರ ನರಕ್ಕೆ ಸೂಜಿ ಚುಚ್ಚಿ ಔಷಧಿ ಬಿಡುವುದು, ಮೂರು ವಾರ ತುಂಬಿದ ಸೋಮವಾರ ಮತ್ತೆ. ಬೈಲಹೊಂಗಲದಿಂದ ಬಸ್ಸಿನಲ್ಲಿ ಹೋಗುವಾಗ ಹಣೆಯಲ್ಲಿ ವಿಭೂತಿ, ಬರುವಾಗ ಮಡಿಲಲ್ಲಿ ವಾಂತಿಗೆಂದು ಹಳೆಯ ಡಬ್ಬಿ. ಕೂದಲು ಉದುರಿದ್ದಕ್ಕೆ ಅಳಲೂ ತ್ರಾಣವಿರಲಿಲ್ಲ. ಎಣ್ಣೆ, ಬಾಚಣಿಗೆ, ಹೆರಳುಗಳ ಗೊಡವೆ ತಪ್ಪಿತೆಂದು ಅದನ್ನೂ ಶಿವನ ಕೃಪೆಯೊಳಗೇ ಎಣಿಸಿದೆ.

ಔಷಧಿಗೆ ಸೋಮವಾರವೇ ಗೊತ್ತಾದ್ದರಿಂದ ನನ್ನ ಮನಸ್ಸು ಅದನ್ನು ವ್ರತವೆಂದೇ ಹಿಡಿಯಿತು. ಮದುವೆಯಾದ ಹೊಸದರಲ್ಲಿ ಹದಿನಾರು ಸೋಮವಾರದ ವ್ರತ ಮಾಡಿದವಳು ನಾನು. ಆ ದಿನ ಉಪ್ಪು ಮುಟ್ಟುವಂತಿಲ್ಲ. ಎಷ್ಟೋ ವಾರ ಸಾಗಿದ ಮೇಲೆ, ಬೀಗರು ಬಂದ ಗದ್ದಲದಲ್ಲಿ ಬದನೆಕಾಯಿ ಪಲ್ಯವನ್ನು ರುಚಿ ನೋಡಲೆಂದು ನಾಲಿಗೆಗೆ ಹಚ್ಚಿಬಿಟ್ಟೆ. "ಮುರೀತು. ಮತ್ತ ಮೊದಲಿಂದ ಹಿಡಿ," ಎಂದರು ಅತ್ತೆ. ಹಿಡಿದೆ. ಬದನೆಕಾಯಿಯ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಮೂರು ಸುತ್ತು ಮುಗಿದು ನಾಲ್ಕನೆಯದಕ್ಕೆ ಹೋದಾಗ ಡಾಕ್ಟರು ರಕ್ತಪರೀಕ್ಷೆ ನೋಡಿ, ಬಿಳಿ ಕಣ ಕಡಿಮೆಯಾಗಿವೆ, ಇವತ್ತು ಔಷಧಿ ಬೇಡ, ಮುಂದಿನ ಸೋಮವಾರ ಬನ್ನಿ ಎಂದು ಕಳಿಸಿಬಿಟ್ಟರು. ನಾನು ಮರುಮಾತು ಕೇಳಲಿಲ್ಲ. ಸೋಮವಾರ ತಪ್ಪಿದರೆ ಮುರಿದಂತೆ, ಮುರಿದರೆ ಮೊದಲಿಂದ. ಇದನ್ನೂ ಕೇಳಿ ತಿಳಿಯಬೇಕೆ, ನೀವೇ ಹೇಳಿ. ಮನೆಗೆ ಬಂದು ಗೋಡೆಗೆ ಒರಗಿ ಹೇಳಿದೆ: "ಅತ್ತಿ, ಮೂರೂ ದಂಡ ಆದುವು. ಮತ್ತ ಒಂದರಿಂದ ನನ್ನ ಕೈಲೆ ಆಗಂಗಿಲ್ಲ. ಇನ್ನ ನಾ ಹೋಗಂಗಿಲ್ಲ."

ಮುಂದಿನ ಸೋಮವಾರ ಅತ್ತೆ ಮುಂಜಾನೆಯೇ ಇಳಕಲ್ ಸೀರೆ ಉಟ್ಟು ನಿಂತರು. "ಏಳು. ಬ್ಯಾಡ ಅನ್ನೂದಿದ್ರ ಅವರ ಮುಂದನ ಅಂದು ಬರೂಣು."

ಡಾಕ್ಟರ ಎದುರು ಕುಳಿತವರೇ ಕೇಳಿದರು: "ಸಾಹೇಬ್ರ, ನಮ್ಮ ಸೊಸಿ ಮತ್ತ ಮೊದಲಿಂದ ಹಿಡೀಬೇಕೇನ್ರಿ?"

"ಯಾಕವ್ವಾ? ಆಗಿದ್ದ ಮೂರು ಎಲ್ಲಿ ಹೋಗ್ತಾವ? ಇವತ್ತ ಕೊಟ್ಟರ ಇದು ನಾಲ್ಕನೇದು," ಎಂದು ಡಾಕ್ಟರು ನಕ್ಕರು. ಔಷಧಿ ಬಿಟ್ಟ ದಿನವೇ ಸುತ್ತಿನ ಮೊದಲ ದಿನ. ಆಮೇಲೆ ಮನೆಯಲ್ಲಿ ಮಲಗಿದ ದಿನಗಳೂ ಅದೇ ಸುತ್ತಿಗೆ ಸೇರಿದವು. ಔಷಧಿ ರೋಗದ ಜೊತೆಗೆ ಒಳ್ಳೆಯ ರಕ್ತವನ್ನೂ ಹೊಡೆಯುವುದರಿಂದ ಅದು ಮತ್ತೆ ಹುಟ್ಟಲು ಬಿಡುವು ಬೇಕು, ಒಮ್ಮೊಮ್ಮೆ ಒಂದು ವಾರ ಹೆಚ್ಚೇ ಬೇಕು. ಆಗ ಮುಂದಿನ ತಾರೀಖುಗಳು ಸರಿಯುತ್ತವೆಯೇ ಹೊರತು ಮುಗಿದದ್ದು ಅಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಏನೂ ಮಾಡದೆ ಬಿದ್ದುಕೊಂಡ ದಿನಗಳೂ ಲೆಕ್ಕಕ್ಕಿವೆ ಎಂಬ ಮಾತನ್ನು ಗೃಹಿಣಿಯ ಜನ್ಮದಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಹಂಗಾರ ನಮ್ಮ ದೇವರಕಿಂತ ನೀವ ಸಡ್ಲ ಬಿಡ್ರಿ," ಎಂದುಬಿಟ್ಟ ಅತ್ತೆ, ಮರುಕ್ಷಣವೇ ಗಲ್ಲ ಗಲ್ಲ ಬಡಿದುಕೊಂಡರು. ರಕ್ತ ಸುಧಾರಿಸಿತ್ತು. ನಾನು ಕೈ ಚಾಚಿದೆ.

ಮರುದಿನ ಮುಂಜಾನೆ ಥಂಡಿಗೆ ಮೊಸರು ಆಗಿರಲಿಲ್ಲ. ಅತ್ತೆ ಪಾತ್ರೆಗೊಂದು ಹಳೆಯ ಕೌದಿ ಸುತ್ತಿ, ಒಲೆಯ ಬದಿಗೆ, ಇನ್ನೊಂದು ಕೌದಿಯೊಳಗೆ ಮುದುಡಿದ್ದ ನನ್ನ ಪಕ್ಕದಲ್ಲೇ ಇಟ್ಟರು. "ಅದೂ ಸುಮ್ಮ ಮಲಗಲಿ, ನೀನೂ ಸುಮ್ಮ ಮಲಗು."

ಮುಚ್ಚಳ ಕೈಗೆಟಕುವಷ್ಟು ಹತ್ತಿರವಿತ್ತು. ಎತ್ತಲಿಲ್ಲ. ಅಂದು ನಾಲ್ಕನೆಯ ಸುತ್ತಿನ ಎರಡನೆಯ ದಿನ.