ಗುಂಡಾಚಾರ್ರ ಗ್ಯಾರೇಜಿನಲ್ಲಿ ಪೂರ್ವಪಕ್ಷ

ಗುಂಡಾಚಾರ್ರು ಯಾವ ಕಾರಿನ ಬಾನೆಟ್ಟನ್ನೂ ಎತ್ತುವ ಮೊದಲು ಅದರ ಪರವಾಗಿ ವಾದ ಮಾಡುತ್ತಿದ್ದರು. ಬಂದವರು "ಪಂಪ್ ಹೋಗೇತ್ರಿ" ಅಂದರೆ ಅವರನ್ನು ಸ್ಟೂಲಿನ ಮೇಲೆ ಕೂಡಿಸಿ, "ಪಂಪ್ ಛಲೋನ ಅದ ಅಂತ ತಿಳ್ಕೊಳ್ರಿ. ಹಂಗಿದ್ರ ಗಾಡಿ ಯಾಕ ನಿಂತೀತು? ಮೊದಲ ಅದನ್ನ ಹೇಳ್ರಿ" ಎಂದು ಕೇಳುತ್ತಿದ್ದರು. ಅವಸರದ ಗಿರಾಕಿಗಳು ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. ಆದರೆ ಹತ್ತರಲ್ಲಿ ಏಳು ಸಲ ಪಂಪು ಛಲೋನೇ ಇರುತ್ತಿತ್ತು.

ಸವಣೂರಿನಲ್ಲಿ ಅವರದು ವಿದ್ವಾಂಸರ ಮನೆತನ. ತಂದೆ ಪಡಸಾಲೆಯಲ್ಲಿ ಕುಳಿತು ಊರೂರಿನ ವಿದ್ಯಾರ್ಥಿಗಳಿಗೆ ವೇದಾಂತ ಪಾಠ ಹೇಳಿದವರು. ಅಣ್ಣ ವಕೀಲ, ತಮ್ಮ ಡಾಕ್ಟರ್. ನಡುವಿನ ಇವರು ಮಾತ್ರ ಹದಿನಾರನೆಯ ವಯಸ್ಸಿಗೆ ಪಾಠ ಬಿಟ್ಟು, ಹುಬ್ಬಳ್ಳಿಯ ಗ್ಯಾರೇಜೊಂದನ್ನು ಸೇರಿ ಕೆಲಸ ಕಲಿತು, ಆಮೇಲೆ ಊರಿಗೆ ಬಂದು ಶಿಗ್ಗಾಂವಿ ರಸ್ತೆಯಲ್ಲಿ ತಗಡಿನ ಶೆಡ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಅವರ ಹಣೆಯ ಮೇಲೆ ಪೂಜೆಯ ಹೊತ್ತಿಗೆ ಹಚ್ಚಿದ ಅಂಗಾರದ ಕಪ್ಪು ಗೆರೆ ಯಾವುದು, ಗ್ರೀಸಿನ ಗೆರೆ ಯಾವುದು ಎಂದು ಗುರುತು ಹತ್ತುತ್ತಿರಲಿಲ್ಲ.

"ಪಾಠ ಪೂರ್ತಿ ಆಗಲಿಲ್ಲ ಅಕ್ಕೋರ," ಎಂದು ಒಮ್ಮೆ ನನಗೆ ಹೇಳಿದ್ದರು. "ಒಂದು ಮಾತು ಮಾತ್ರ ತಲ್ಯಾಗ ಉಳೀತು. ಎದುರಿನವನ ವಾದಕ್ಕ ಪೂರ್ವಪಕ್ಷ ಅಂತಾರ. ಅದನ್ನ ಅವನಕಿಂತ ಛಲೋ ನಾವ ಹೇಳಬೇಕು. ಆಮ್ಯಾಲೆ ಖಂಡನ. ಗ್ಯಾರೇಜಿಗೆ ಅಷ್ಟ ಸಾಕು."

ನಾನು ಶಿಗ್ಗಾಂವಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು. ದಿನಾಲು ಸವಣೂರಿನಿಂದ ಓಡಾಡಲು ಒಬ್ಬ ಅರಳೆ ವ್ಯಾಪಾರಿಯಿಂದ ಹಳೆಯ ಟರ್ಬೊ ಕಾರು ಕೊಂಡಿದ್ದೆ. ನೋಡಲು ಚೆಂದ, ಓಡಿಸಲು ಬೇಜಾರು. ಲಾರಿಯನ್ನು ದಾಟಬೇಕೆಂದು ಕಾಲೊತ್ತಿದರೆ ನಡುದಾರಿಯಲ್ಲಿ ಶಕ್ತಿ ಉಡುಗುತ್ತಿತ್ತು, ಹಳದಿ ದೀಪ ಹತ್ತುತ್ತಿತ್ತು. ದೊಡ್ಡ ಊರಿನ ವರ್ಕ್‌ಶಾಪಿನವರು ನಾಕ್ ಸೆನ್ಸರ್ ಕೆಟ್ಟಿದೆ ಎಂದು ಹೊಸದನ್ನು ಹಾಕಿದರು. ವಾರದಲ್ಲಿ ದೀಪ ಮತ್ತೆ ಹತ್ತಿತು. ಇನ್ನು ಎಂಜಿನ್ ಬಿಚ್ಚಬೇಕು ಎಂದರು. ಅಲ್ಲಿಂದ ನೇರ ಗುಂಡಾಚಾರ್ರ ಶೆಡ್ಡಿಗೆ ಬಂದೆ.

ಕಾರನ್ನು ಕಂಡದ್ದೇ, "ಈ ಗಾಡಿ ನನಗ ಗೊತ್ತದ" ಎಂದರು.

ನಾಕ್ ಸೆನ್ಸರ್ ಅಂದರೇನು ಎಂದು ನಾನು ಕೇಳಿದೆ. ಕೈ ಒರೆಸಿಕೊಂಡು ಎದುರಿಗೆ ಕುಳಿತರು. "ಅದು ಎಂಜಿನ್‌ಗೆ ಹಚ್ಚಿದ ಕಿವಿ. ಪೆಟ್ರೋಲ್ ತನ್ನ ಹೊತ್ತಿಗೆ ಉರೀಬೇಕು. ಹೊತ್ತು ತಪ್ಪಿ ತಾನ ಹೊತ್ತಿಕೊಂಡ್ರ ಒಳಗ ಟಕ್ ಟಕ್ ಅಂತ ಬಡೀತದ. ಹಂಗ ಬಿಟ್ರ ಪಿಸ್ಟನ್ ಒಡೀತದ. ಈ ಕಿವಿ ಆ ಬಡತ ಕೇಳಿ ಕಂಪ್ಯೂಟರಿಗೆ ಹೇಳ್ತದ. ಅದು ಕಿಡಿ ತಡಾ ಮಾಡ್ತದ, ಟರ್ಬೊ ಗಾಳಿ ಕಡಿಮಿ ಮಾಡ್ತದ. ಅದಕ್ಕ ನಿಮ್ಮ ಪಿಕಪ್ ಹೋಗೋದು."

"ಬಡತ ಯಾಕ ಬರ್ತೈತ್ರಿ?"

"ಹಲಕಟ್ ಪೆಟ್ರೋಲಿನಿಂದ ಬರ್ತದ. ಮೂರು ವರ್ಷದ ಹಿಂದ ಇದೇ ಗಾಡಿ ಇದೇ ತಕರಾರಿಗೆ ಬಂದಿತ್ತು. ಸ್ಕ್ಯಾನರ್ ಹಚ್ಚಿ ನೋಡಿದ್ರ ಎಂಜಿನ್ ಬಡೀಲಿಕ್ಕೆ ಹತ್ತಿತ್ತು. ಪೆಟ್ರೋಲಿನ್ಯಾಗ ಕಲಬೆರಕಿ ಅದ ಅಂದೆ. ಆ ಅರಳಿ ಸಾಹುಕಾರ ಅವತ್ತ ಡ್ರೈವರನ್ನ ಕೆಲಸಾ ಬಿಡಿಸಿದ. ಆ ಹುಡುಗ ಪೆಟ್ರೋಲ್ ಮಾರಿ ಸೀಮೆಎಣ್ಣಿ ಸುರೀತಿದ್ದ ಕಾಣಸ್ತದ."

ನಾನು ಬೇರೆ ಏನೂ ಯೋಚಿಸದೆ, ತೋಚಿದ್ದನ್ನು ಅಂದೆ. "ಆಚಾರ್ರ, ಈಗ ಎರಡು ವರ್ಷದಿಂದ ಪೆಟ್ರೋಲ್ ಹಾಕಸಾಕಿ ನಾನ. ಆ ಡ್ರೈವರ್ ಇಲ್ಲ. ಆದ್ರೂ ಅದ ತ್ರಾಸು ಐತಲ್ರಿ?"

ಗುಂಡಾಚಾರ್ರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು.

ನನ್ನನ್ನು ಕಾರಿನಲ್ಲಿ ಕೂಡಿಸಿ, ಗೇರ್ ಹಾಕದೆ ನಿಂತಲ್ಲೇ ಎಕ್ಸಲರೇಟರ್ ಒತ್ತಲು ಹೇಳಿದರು. ಸ್ಕ್ಯಾನರಿನ ಪರದೆ ಅವರ ಕೈಯಲ್ಲಿತ್ತು. ಎಂಜಿನ್ ಒಂದು ವೇಗಕ್ಕೆ ಬಂದ ಕೂಡಲೇ ಅದರಲ್ಲಿ ನಾಕ್ ಎಣಿಸುವ ಅಂಕಿ ಏರತೊಡಗಿತು. "ನೋಡ್ರಿಲ್ಲೆ," ಎಂದು ಕಿಟಕಿಯಲ್ಲಿ ಬಗ್ಗಿದರು. "ಖರೇ ನಾಕ್ ಆದ್ರ ಗಾಡಿ ಭಾರ ಎಳಿಯೋವಾಗ ಬರಬೇಕು. ಇಲ್ಲೆ ಭಾರನ ಇಲ್ಲ. ಬಡತ ಎಲ್ಲಿಂದ ಬಂತು?" ಅವರ ದನಿಯಲ್ಲಿ ಹುರುಪಿತ್ತು, ಅದರ ಕೆಳಗೆ ಏನೋ ಅಂಜಿಕೆಯೂ ಇತ್ತು.

ಸೆನ್ಸರಿನ ವೈರನ್ನು ಉದ್ದಕ್ಕೂ ಬೆರಳಲ್ಲಿ ಸವರಿ ನೋಡಿದರು. ಎಲ್ಲೂ ಸವೆದಿರಲಿಲ್ಲ. ಸೆನ್ಸರ್ ಬಿಚ್ಚಿ, ಅದು ಕೂಡುವ ಜಾಗ ಒರೆಸಿ, ಬಿಗುವಿನ ಅಳತೆ ತೋರಿಸುವ ಪಾನಾದಿಂದ ಬಿಗಿದರು. ಅಂಕಿ ಇಳಿಯಲಿಲ್ಲ. ಆಮೇಲೆ ಒಂದು ಸುತ್ತಿಗೆಯ ಕಟ್ಟಿಗೆಯ ಹಿಡಿಕೆ ತೆಗೆದುಕೊಂಡು, ನಾನು ಎಂಜಿನನ್ನು ಅದೇ ವೇಗದಲ್ಲಿ ಇಟ್ಟಿರುವಾಗ, ಒಂದೊಂದೇ ಪೈಪು, ಒಂದೊಂದೇ ತಗಡನ್ನು ಒತ್ತಿ ಹಿಡಿಯುತ್ತ ಹೋದರು. ಎಲ್ಲವೂ ಬಿಸಿ, ಎಲ್ಲವೂ ಅದುರುತ್ತಿದ್ದವು. ಟರ್ಬೊದ ಪೈಪನ್ನು ಎಂಜಿನ್‌ಗೆ ಹಿಡಿದಿಡುವ ಒಂದು ಕಬ್ಬಿಣದ ಪಟ್ಟಿ ಕೆಳಗಿತ್ತು. ಅದನ್ನು ಒತ್ತಿದ ಕೂಡಲೇ ಅಂಕಿ ಸೊನ್ನೆಗೆ ಬಂತು. ಬಿಟ್ಟರೆ ಏರಿತು. ಒತ್ತಿದರೆ ಸೊನ್ನೆ.

"ಬಂದ್ ಮಾಡ್ರಿ," ಎಂದರು.

ನಾನು ಇಳಿದು ಮೊಬೈಲಿನ ಬೆಳಕು ಬಿಟ್ಟೆ. ಪಟ್ಟಿಗೆ ಎರಡು ಬೋಲ್ಟಿನ ತೂತು. ಒಂದರಲ್ಲಿ ಬೋಲ್ಟಿತ್ತು, ಇನ್ನೊಂದು ಖಾಲಿ. ಎಂಜಿನ್ ವೇಗಕ್ಕೆ ಬಂದಾಗ ಪಟ್ಟಿ ಪಟಪಟ ಬಡಿಯುತ್ತಿತ್ತು. ಪಾಪ, ಸೆನ್ಸರಿನ ಕಿವಿ ಅದನ್ನು ಒಳಗಿನ ಬಡಿತವೆಂದು ಕೇಳಿಸಿಕೊಳ್ಳುತ್ತಿತ್ತು. ಇಷ್ಟೇ ಸಂಗತಿ! ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ತಿರುಗಿ ನೋಡಿದರೆ ಗುಂಡಾಚಾರ್ರು ಬಂಪರಿಗೆ ಕೈಯೂರಿ ನಿಂತಿದ್ದರು.

"ಈ ಪೈಪ್ ಬಿಚ್ಚಿದಾಂವ ನಾನ," ಎಂದರು. "ಆ ತಕರಾರಿಗಿಂತ ಒಂದು ತಿಂಗಳ ಮೊದಲ ಗ್ಯಾಸ್ಕೆಟ್ ಬದಲಿ ಮಾಡಿದ್ದೆ. ಬೋಲ್ಟ್ ಹಾಕೋದು ಮರತೇನಿ. ಸಪ್ಪಳ ಖರೇ ಇತ್ತು ಅಕ್ಕೋರ. ಎಲ್ಲಿಂದ ಬರ್ತದ ಅಂತ ನಾನು ಕೇಳಲಿಲ್ಲ. ಆ ಹುಡುಗನ ಪರವಾಗಿ ಒಂದು ಮಾತೂ ಆಡಲಿಲ್ಲ."

ಬೋಲ್ಟ್ ಹಾಕಿ, ನನ್ನ ಪಕ್ಕಕ್ಕೆ ಕುಳಿತು ಪರೀಕ್ಷೆಗೆಂದು ಬಂದರು. ಕಾಲೊತ್ತಿದ ಕೂಡಲೇ ಕಾರು ಚಿಮ್ಮುತ್ತಿತ್ತು. ಅವರು ಅದನ್ನು ಗಮನಿಸಲೇ ಇಲ್ಲ. "ಆ ಡ್ರೈವರ್ ಹುಡುಗ ಹತ್ತಿಮತ್ತೂರಾಂವ. ಫಕ್ಕೀರಪ್ಪ ಅಂತ. ಗಾಡಿ ಆ ಕಡೆ ತಿರುವ್ರಿ," ಎಂದರು.

ಫಕ್ಕೀರಪ್ಪ ಅಕ್ಕನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದ. ಪೆಟ್ರೋಲ್ ಕಳ್ಳ ಎಂದು ಹೆಸರಾದ ಮೇಲೆ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಟ್ಟಿರಲಿಲ್ಲ. ಗುಂಡಾಚಾರ್ರು ಬದುವಿನ ಮೇಲೆ ನಿಂತು ಎಲ್ಲವನ್ನೂ ಹೇಳಿದರು. ಬೋಲ್ಟು, ಪಟ್ಟಿ, ತಮ್ಮ ಮರೆವು, ಒಂದನ್ನೂ ಬಿಡಲಿಲ್ಲ. ಕೊನೆಗೆ ಕೈ ಮುಗಿದರು.

ಫಕ್ಕೀರಪ್ಪ ಕೈಯಲ್ಲಿದ್ದ ಕಾಯಿಗಳನ್ನು ಬುಟ್ಟಿಗೆ ಹಾಕಿ ಎದ್ದು ನಿಂತ. "ನನ್ನ ಮುಂದ ಹೇಳಿ ಏನ್ ಮಾಡ್ತೀರಿ ಆಚಾರ್ರ? ನಾ ಕದ್ದಿಲ್ಲಂತ ನನಗ ಮೊದ್ಲಿಂದ ಗೊತ್ತೈತಿ. ಗೊತ್ತಿಲ್ಲದವ್ರ ಮುಂದ ಹೇಳ್ರಿ." ಮತ್ತೆ ಬಗ್ಗಿ ಕಾಯಿ ಬಿಡಿಸತೊಡಗಿದ.

ಗುಂಡಾಚಾರ್ರು ಹಾಗೇ ಮಾಡಿದರು. ಮೊದಲು ಸಾಹುಕಾರನ ಅಂಗಡಿಗೆ ಹೋಗಿ, ಕುಳಿತವರೆಲ್ಲರ ಎದುರಿಗೆ ಹೇಳಿದರು. ಆಮೇಲೆ ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಶೆಡ್ಡಿಗೆ ಬಂದ ಪ್ರತಿಯೊಬ್ಬ ಗಿರಾಕಿಯ ಎದುರಿಗೆ. ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಗಾಡಿ ತಂದವರಿಗೂ ತಪ್ಪಲಿಲ್ಲ. ಬೋಲ್ಟ್ ಹಾಕಲು ಮರೆತೆ ಎಂದು ತಾನೇ ಸಾರುವ ಮೇಸ್ತ್ರಿಯ ಹತ್ತಿರ ಯಾರು ಬರುತ್ತಾರೆ? ಶೆಡ್ಡಿನ ಮುಂದಿನ ಸಾಲು ತೆಳ್ಳಗಾಯಿತು.

"ಸಾಕು ಮಾಡ್ರಿ ಆಚಾರ್ರ, ಗಿರಾಕಿ ಹೊಂಟಾವು," ಎಂದೆ ಒಂದು ದಿನ.

"ಫಕ್ಕೀರಪ್ಪಂದು ಕೆಲಸನ ಹೋಗಿತ್ತಲ್ರಿ," ಎಂದರು.

ಸಾಹುಕಾರ ಫಕ್ಕೀರಪ್ಪನನ್ನು ಮರಳಿ ಕರೆಯಲಿಲ್ಲ. ಆದರೆ ಮಾತು ಊರೂರು ಸುತ್ತಿ ರಟ್ಟೀಹಳ್ಳಿಯವರೆಗೆ ಮುಟ್ಟಿತು. ಅಲ್ಲಿಯ ಬೀಜದ ವ್ಯಾಪಾರಿಯೊಬ್ಬರು ಅವನಿಗೆ ತಮ್ಮ ಟೆಂಪೊ ಕೊಟ್ಟರು. ಅವನು ಗುಂಡಾಚಾರ್ರ ಶೆಡ್ಡಿನ ಮುಂದೆಯೇ ಹಾದುಹೋಗುತ್ತಿದ್ದ. ಒಮ್ಮೆಯೂ ನಿಲ್ಲಿಸಲಿಲ್ಲ. ಇವರೂ ಕರೆಯಲಿಲ್ಲ.

ಹೋದ ವರ್ಷ ಗುಂಡಾಚಾರ್ರ ಎದೆಯಲ್ಲಿ ನೀರು ತುಂಬಿತು. ಹುಬ್ಬಳ್ಳಿಗೆ ಕರೆದೊಯ್ಯಿರಿ ಎಂದರು ಊರಿನ ಡಾಕ್ಟರು. ಅಣ್ಣ, ತಮ್ಮ ಇಬ್ಬರೂ ದೂರದ ಊರಲ್ಲಿದ್ದರು. ಹೆದ್ದಾರಿಯಲ್ಲಿ ಪೇಶಂಟನ್ನು ಕೂಡಿಸಿಕೊಂಡು ಓಡಿಸಲು ನನಗೆ ಧೈರ್ಯ ಸಾಲದೆ, ಫಕ್ಕೀರಪ್ಪನಿಗೆ ಫೋನ್ ಮಾಡಿದೆ. ಬರುತ್ತಾನೋ ಇಲ್ಲವೋ ಎಂಬ ಅನುಮಾನವಿತ್ತು. ಅರ್ಧ ತಾಸಿಗೆ ಬಂದ. ನನ್ನ ಕೈಯಿಂದ ಅದೇ ಕಾರಿನ ಕೀಲಿ ಇಸಿದುಕೊಂಡ.

ಅವತ್ತು ಹೋದ ಗುಂಡಾಚಾರ್ರು ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಹಾಗಾಗಿ ನನ್ನ ಪಾಲಿಗೆ ಅವರ ಕೊನೆಯ ಮಾತುಗಳು ಆ ದಾರಿಯವೇ. ಹಟ ಮಾಡಿ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಶಿಗ್ಗಾಂವಿ ದಾಟಿ ಹೆದ್ದಾರಿಗೆ ಬಂದಮೇಲೆ ಫಕ್ಕೀರಪ್ಪ ಒಂದು ಲಾರಿಯನ್ನು ಹಿಂದೆ ಹಾಕಿದ. ಕಾರು ಕುಲುಕದೆ ಮುಂದೆ ಸರಿಯಿತು.

"ಛಲೋ ಓಡಸ್ತೀ ಫಕ್ಕೀರಪ್ಪ," ಎಂದರು ಗುಂಡಾಚಾರ್ರು.

ಫಕ್ಕೀರಪ್ಪ ರಸ್ತೆಯಿಂದ ಕಣ್ಣು ಕೀಳಲಿಲ್ಲ. "ಆವಾಗ್ಲೂ ಛಲೋನ ಓಡಸ್ತಿದ್ನಿರಿ."

"ಹೌದಪಾ," ಎಂದರು ಅವರು. "ಓಡಸ್ತಿದ್ದಿ."

ಗೊಟಗೋಡಿ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಮುಖದ ಮೇಲೆ ಬಿಸಿಲು ಬೀಳುತ್ತಿತ್ತು. ಫಕ್ಕೀರಪ್ಪ ಒಂದು ಕೈಯಿಂದ ಸ್ಟೇರಿಂಗ್ ಹಿಡಿದು, ಇನ್ನೊಂದು ಕೈ ಚಾಚಿ, ಅವರ ಕಡೆಯ ಬಿಸಿಲಿನ ಮರೆಯನ್ನು ಮೆಲ್ಲಗೆ ಇಳಿಸಿದ.